ಹೊಟ್ಟೆ ತುಂಬಿದ್ದರೂ ಹಸು ಸೊರಗಿದ್ದೇಕೆ? ಕೊರೆಯುವ ಚಳಿಗಾಲದಲ್ಲಿ ಮಾಂಸದ ತಳಿಯ ಹಸುಗಳ ಮೇವು ಮತ್ತು ಆರೈಕೆ

ಪ್ರಶ್ನೆ: ನಮ್ಮಲ್ಲಿ ಮಾಂಸಕ್ಕಾಗಿ ಸಾಕುವ ಮಿಶ್ರತಳಿಯ 32 ಹಸುಗಳಿವೆ. ಒಂದೊಂದರ ತೂಕ ಸರಾಸರಿ 550 ಕಿಲೋ. ನಮ್ಮ ಕಡೆ ಚಳಿಗಾಲ ಐದು ತಿಂಗಳು ಇರುತ್ತದೆ, ರಾತ್ರಿಯ ಉಷ್ಣತೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ, ನಡುನಡುವೆ ಮಳೆ ಬೆರೆತ ಹಿಮವೂ ಬೀಳುತ್ತದೆ. ಕಳೆದ ಚಳಿಗಾಲದಲ್ಲಿ ಅರ್ಧ ಗೋಧಿ ಹುಲ್ಲು, ಅರ್ಧ ಹುಲ್ಲುಗಾವಲಿನಲ್ಲಿ ಕೊಯ್ದು ಒಣಗಿಸಿದ ಮೇವು ಕೊಟ್ಟೆ. ಗೋದಲಿ ಒಂದು ದಿನವೂ ಖಾಲಿಯಾಗಲಿಲ್ಲ, ಹಸುಗಳ ಹೊಟ್ಟೆ ಗುಂಡಗೇ ಇತ್ತು. ಆದರೂ ಚಳಿಗಾಲದ ಕೂದಲು ಉದುರಿದ ಮೇಲೆ ನೋಡಿದರೆ ಪಕ್ಕೆಲುಬುಗಳು ಎಣಿಸುವಂತಿದ್ದವು. ಮೂರು ಕರುಗಳು ಎದ್ದು ನಿಲ್ಲಲಾರದಷ್ಟು ನಿತ್ರಾಣವಾಗಿ ಹುಟ್ಟಿದವು, ಎರಡು ಉಳಿಯಲಿಲ್ಲ. ಹಲವು ಹಸುಗಳು ಬೆದೆಗೆ ಬರುವುದೂ ತಡವಾಯಿತು. ಚಳಿಗೆ ಹೀಗಾಗಿದೆ, ಮುಚ್ಚಿದ ಕೊಟ್ಟಿಗೆ ಕಟ್ಟಿಸು ಎಂದು ಒಬ್ಬರು ಹೇಳುತ್ತಾರೆ. ಚಳಿ ಹೆಚ್ಚಿದ ದಿನ ಧಾನ್ಯ ಸುರಿ ಎನ್ನುತ್ತಾರೆ ಇನ್ನೊಬ್ಬರು. ಗಬ್ಬದ ಹಸುವಿಗೆ ಹೆಚ್ಚು ತಿನ್ನಿಸಿದರೆ ಕರು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತೂ ಇದೆ. ಹಿಮ ಇರುವಾಗ ನೀರು ಬೇಕಿಲ್ಲವೆಂದು ಎಲ್ಲರೂ ಹೇಳುತ್ತಾರೆ. ನನ್ನ ಬಳಿ ಇರುವ ಹಣ ಕಡಿಮೆ. ಯಾವುದನ್ನು ಮೊದಲು ಮಾಡಲಿ?

ಉತ್ತರ: ಗೋದಲಿ ತುಂಬಿಸಿಟ್ಟೂ ಹಸು ಬಡವಾಯಿತು, ಕರು ಕೈತಪ್ಪಿತು ಎಂಬ ನಿಮ್ಮ ಸಂಕಟವನ್ನು ನಾನು ಅನೇಕ ರೈತರ ಬಾಯಿಂದ ಕೇಳಿದ್ದೇನೆ. ಇದು ನಿಮ್ಮ ಅಸಡ್ಡೆಯಿಂದ ಆದದ್ದಲ್ಲ. ನೀವು ಬರೆದಿರುವ ವಿವರಗಳನ್ನು ನೋಡಿದರೆ ನಿಮ್ಮ ಹಸುಗಳನ್ನು ಸೊರಗಿಸಿದ್ದು ಮುಖ್ಯವಾಗಿ ಚಳಿಯೂ ಅಲ್ಲ. ಹೊಟ್ಟೆಯನ್ನು ತುಂಬಿಸಿ ಮೈಗೆ ಏನನ್ನೂ ಕೊಡದ ಮೇವು ಮೊದಲ ಕಾರಣ. ಮೈ ನೆನೆದದ್ದು ಮತ್ತು ಗಾಳಿಗೆ ಸಿಕ್ಕಿದ್ದು ಎರಡನೆಯದು. ಆದ್ದರಿಂದ ಕೊಟ್ಟಿಗೆ ಕಟ್ಟಿಸುವ ಆಲೋಚನೆಯನ್ನು ಸದ್ಯಕ್ಕೆ ಬದಿಗಿಡಿ.

ಚಳಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಮೇವು ಹುದುಗುವಾಗ ಸದಾ ಶಾಖ ಹುಟ್ಟುತ್ತಿರುತ್ತದೆ. ಈ ಶಾಖ ಮತ್ತು ಚಳಿಗಾಲಕ್ಕೆ ಬೆಳೆಯುವ ದಟ್ಟ ಕೂದಲು ಎರಡೂ ಸೇರಿ ಹಸುವನ್ನು ನಾವು ಊಹಿಸುವುದಕ್ಕಿಂತ ಬಹಳ ಹೆಚ್ಚಿನ ಚಳಿಗೆ ಸಿದ್ಧಗೊಳಿಸುತ್ತವೆ. ಮೈ ಬೆಚ್ಚಗಿಟ್ಟುಕೊಳ್ಳಲೆಂದೇ ಹೆಚ್ಚುವರಿ ಶಕ್ತಿಯನ್ನು ಸುಡಬೇಕಾದ ಉಷ್ಣತೆಯ ಮಿತಿಯೊಂದು ಪ್ರತಿ ಹಸುವಿಗೂ ಇರುತ್ತದೆ. ಮೈಯಲ್ಲಿ ಸಾಕಷ್ಟು ಕೊಬ್ಬಿದ್ದು, ಕೂದಲು ದಟ್ಟವಾಗಿ ಒಣಗಿದ್ದರೆ ಆ ಮಿತಿ ಸುಮಾರು ಮೈನಸ್ 8 ಡಿಗ್ರಿ. ಕೂದಲು ಸಾಧಾರಣವಾಗಿದ್ದರೆ 0 ಡಿಗ್ರಿಯ ಆಸುಪಾಸು. ಆದರೆ ಕೂದಲು ತೊಯ್ದಿದ್ದರೆ ಅದೇ ಮಿತಿ ಒಮ್ಮೆಲೇ 15 ಡಿಗ್ರಿಗೆ ಏರುತ್ತದೆ. ಮಿತಿಗಿಂತ ಕೆಳಗಿನ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹಸುವಿಗೆ ಸುಮಾರು ಶೇ 2ರಷ್ಟು ಹೆಚ್ಚು ಶಕ್ತಿ ಬೇಕೆಂಬ ಸ್ಥೂಲ ಲೆಕ್ಕವನ್ನು ಹಿಡಿದರೆ, ಮೈನಸ್ 20ರಲ್ಲಿ ಒಣಗಿದ ಮೈಯಲ್ಲಿ ನಿಂತ ಹಸುವಿಗೆ ಶೇ 24ರಷ್ಟು ಹೆಚ್ಚು ಬೇಕಾದರೆ, 0 ಡಿಗ್ರಿಯಲ್ಲಿ ಮಳೆ ಬೆರೆತ ಹಿಮಕ್ಕೆ ತೊಯ್ದು ನಿಂತ ಹಸುವಿಗೆ ಶೇ 30ರಷ್ಟು ಬೇಕಾಗುತ್ತದೆ. ನಿಜದಲ್ಲಿ ಒದ್ದೆ ಮೈಯ ನಷ್ಟ ಇದಕ್ಕಿಂತಲೂ ಹೆಚ್ಚೇ ಇರುತ್ತದೆ. ಅಂದರೆ ನೀವು ಹೆದರಬೇಕಾದದ್ದು ಆಕಾಶ ತಿಳಿಯಾಗಿ ಹಿಮ ಗಟ್ಟಿಯಾಗುವ ರಾತ್ರಿಗಿಂತ ಹೆಚ್ಚಾಗಿ, ಜಿಟಿಜಿಟಿ ಸುರಿದು ಗಾಳಿ ಬೀಸುವ ದಿನಕ್ಕೆ.

ಬೆಳಿಗ್ಗೆ ಹೋದಾಗ ಹಸುವಿನ ಬೆನ್ನ ಮೇಲೆ ಹಿಮ ಕರಗದೆ ಹಾಗೆಯೇ ಕುಳಿತಿದ್ದರೆ ಅಯ್ಯೋ ಎನ್ನಬೇಡಿ. ಒಳಗಿನ ಶಾಖ ಹೊರಗೆ ಸೋರುತ್ತಿಲ್ಲ, ಕೂದಲು ತನ್ನ ಕೆಲಸ ಮಾಡುತ್ತಿದೆ ಎಂದೇ ಅದರ ಅರ್ಥ. ಬೆರಳಿನಿಂದ ಆ ಹಿಮವನ್ನು ಸರಿಸಿ ಕೂದಲ ಬುಡ ಮುಟ್ಟಿದರೆ ಒಣಗಿ ಬೆಚ್ಚಗಿರುವುದು ತಿಳಿಯುತ್ತದೆ. ಬೆನ್ನು ಒದ್ದೆಯಾಗಿ ಕೂದಲು ಜಡೆಗಟ್ಟಿ ಮೈಗೆ ಅಂಟಿದ್ದರೆ, ಹೊಟ್ಟೆಯ ಕೆಳಗೆ ಕೆಸರು ಹೆಪ್ಪುಗಟ್ಟಿದ್ದರೆ, ಆಗ ಚಿಂತೆ ಮಾಡಿ.

ಇನ್ನು ತುಂಬಿದ ಹೊಟ್ಟೆಯ ವಿಷಯ. ಹುಲ್ಲನ್ನು ಅರಗಿಸುವ ಕೆಲಸ ಮಾಡುವುದು ಹಸುವಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು. ಅವುಗಳಿಗೆ ಪ್ರೋಟೀನ್ ಬೇಕು. ಮೇವಿನ ಒಣಾಂಶದಲ್ಲಿ, ಅಂದರೆ ನೀರನ್ನು ಬಿಟ್ಟು ಉಳಿಯುವ ಭಾಗದಲ್ಲಿ, ಕಚ್ಚಾ ಪ್ರೋಟೀನ್ (ಸಾರಜನಕದಿಂದ ಲೆಕ್ಕಹಾಕುವ ಒಟ್ಟು ಪ್ರೋಟೀನ್) ಶೇ 7ಕ್ಕಿಂತ ಕಡಿಮೆಯಾದರೆ ಅವು ಸೊರಗುತ್ತವೆ, ನಾರು ಒಡೆಯುವುದು ನಿಧಾನವಾಗುತ್ತದೆ, ತಿಂದದ್ದು ಮುಂದೆ ಸಾಗುವುದಿಲ್ಲ. ಒಳಗೆ ಜಾಗ ಖಾಲಿಯಾಗದ ಕಾರಣ ಹಸು ಹೊಸದಾಗಿ ತಿನ್ನುವುದಿಲ್ಲ, ಗೋದಲಿಯಲ್ಲಿ ಮೇವು ಉಳಿಯುತ್ತದೆ. ನೋಡುವವರಿಗೆ ಇದು ಸಮೃದ್ಧಿಯಂತೆ ಕಾಣುತ್ತದೆ. ಹಸು ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ಉಪವಾಸ ಮಾಡುತ್ತಿರುತ್ತದೆ.

ನಿಮ್ಮ ಮೇವಿನ ಲೆಕ್ಕ ಹೀಗಿದೆ. ಗೋಧಿ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನ್ ಸಾಮಾನ್ಯವಾಗಿ ಶೇ 3ರಿಂದ 4 ಇರುತ್ತದೆ; ಸಾಧಾರಣ ಗುಣಮಟ್ಟದ ಒಣಗಿಸಿದ ಹುಲ್ಲುಗಾವಲ ಮೇವಿನಲ್ಲಿ ಶೇ 8ರಿಂದ 10. ಅರ್ಧರ್ಧ ಬೆರೆಸಿದಾಗ ಶೇ 6ರಿಂದ 6.5ರ ಆಸುಪಾಸು ನಿಲ್ಲುತ್ತದೆ, ಅಂದರೆ ಆ ಶೇ 7ರ ಗೆರೆಯ ಕೆಳಗೆ. ಮೇವಿನ ಶಕ್ತಿಯನ್ನು ಅಳೆಯುವ ಜೀರ್ಣವಾಗುವ ಒಟ್ಟು ಪೋಷಕಾಂಶವನ್ನು ನೋಡಿದರೆ ಗೋಧಿ ಹುಲ್ಲಿನದು ಶೇ 40ರ ಚಿಲ್ಲರೆ, ಹುಲ್ಲುಗಾವಲ ಮೇವಿನದು ಶೇ 55ರ ಹತ್ತಿರ. ಬೆರೆಸಿದರೆ ಶೇ 48 ಅಥವಾ 49. ಮಾಂಸದ ತಳಿಯ ಹಸುವಿಗೆ ಗಬ್ಬದ ನಡುವಿನ ತಿಂಗಳುಗಳಲ್ಲಿ ಇದು ಶೇ 55, ಕೊನೆಯ ತಿಂಗಳುಗಳಲ್ಲಿ ಶೇ 60, ಕರು ಹಾಕಿದ ಮೇಲೆ ಶೇ 65 ಇರಬೇಕು. ಪ್ರೋಟೀನ್ ಇದೇ ಕ್ರಮದಲ್ಲಿ ಶೇ 7, 9, 11. ಈ ಆರು ಅಂಕಿಗಳನ್ನು ಮೇವಿನ ಮನೆಯ ಬಾಗಿಲಿಗೆ ಬರೆದು ಅಂಟಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಳ್ಳೆಯ ಮೇವಾದರೆ ನಿಮ್ಮ ಹಸು ದಿನಕ್ಕೆ ತೂಕದ ಶೇ 2ರಷ್ಟು, ಅಂದರೆ 11 ಕಿಲೋ ಒಣಾಂಶ ತಿನ್ನಬಲ್ಲದು. ಕಳಪೆ ಮೇವಾದರೆ 9 ಕಿಲೋ ತಿಂದರೆ ಹೆಚ್ಚು. ಆ 9 ಕಿಲೋದಲ್ಲಿ ಸಿಗುವ ಪ್ರೋಟೀನ್ 600 ಗ್ರಾಂ ಕೂಡ ಆಗುವುದಿಲ್ಲ, ಗಬ್ಬದ ಕೊನೆಯಲ್ಲಿ ಬೇಕಾದದ್ದು ಸುಮಾರು 900 ಗ್ರಾಂ. ಈ ಕೊರತೆಯನ್ನು ಹಸು ತನ್ನ ಮೈಯನ್ನೇ ಕರಗಿಸಿ ತುಂಬಿಕೊಂಡಿತು.

ಇದಕ್ಕೆ ಸಾಕ್ಷಿಯನ್ನು ನೀವು ನೆಲದ ಮೇಲೇ ಕಾಣಬಹುದು. ಪ್ರೋಟೀನ್ ಸಾಕಷ್ಟಿದ್ದರೆ ಸಗಣಿ ಮೆತ್ತಗೆ ಹರಡಿಕೊಂಡು ಬೀಳುತ್ತದೆ. ಕೊರತೆ ಇದ್ದರೆ ಗಟ್ಟಿಯಾಗಿ, ಒಣಗಿದಂತೆ, ಒಂದರ ಮೇಲೊಂದು ಬಿಲ್ಲೆ ಪೇರಿಸಿದಂತೆ ನಿಲ್ಲುತ್ತದೆ, ಕಾಲಿನಿಂದ ಒಡೆದರೆ ಒಳಗೆ ಉದ್ದುದ್ದ ನಾರು ಕಾಣುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ, ಬರೀ ಹುಲ್ಲಿನ ಮೇಲೆ ಚಳಿಗಾಲ ಕಳೆದು ಸತ್ತ ಗಬ್ಬದ ಹಸುವೊಂದರ ಶವಪರೀಕ್ಷೆ ಮಾಡಿದ್ದೆ. ಮೊದಲ ಹೊಟ್ಟೆಯನ್ನು ಸೀಳಿದಾಗ ಒಳಗಿನ ಹುಲ್ಲು ಹಾಸಿಗೆಗೆ ತುರುಕಿದ ಹತ್ತಿಯಂತೆ ಬಿಗಿದುಕೊಂಡಿತ್ತು, ಕೈ ತೂರಲಿಲ್ಲ. ಮೂತ್ರಪಿಂಡದ ಸುತ್ತ ಇರಬೇಕಾದ ಕೊಬ್ಬು ಲೋಳೆಯಂತಾಗಿತ್ತು. ಅದನ್ನು ಸಾಕಿದಾತ ಪಕ್ಕದಲ್ಲೇ ನಿಂತು, ನಿನ್ನೆ ರಾತ್ರಿಯೂ ತಿನ್ನುತ್ತಿತ್ತಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅಂದಿನಿಂದ ಗುಂಡಗಿನ ಹೊಟ್ಟೆಯನ್ನು ನೋಡಿ ನಾನು ಸಮಾಧಾನಪಟ್ಟಿಲ್ಲ.

ಗಬ್ಬದ ಹಸುವಿಗೆ ಕಡಿಮೆ ತಿನ್ನಿಸಬೇಕೆಂಬ ಮಾತು ಈ ಎಲ್ಲ ತಪ್ಪು ನಂಬಿಕೆಗಳಲ್ಲಿ ಅತ್ಯಂತ ಹಾನಿಕರವಾದದ್ದು. ಕರುವಿನ ಗಾತ್ರವನ್ನು ಬಹುಪಾಲು ನಿರ್ಧರಿಸುವುದು ತಳಿಗುಣ. ಕರು ಸಣ್ಣದಾಗಬೇಕಿದ್ದರೆ ಹೋರಿಯ ಆಯ್ಕೆಯಲ್ಲಿ ಎಚ್ಚರ ವಹಿಸಬೇಕು. ಕರುವಿನ ಬೆಳವಣಿಗೆಯ ಸುಮಾರು ಮುಕ್ಕಾಲು ಭಾಗ ಗಬ್ಬದ ಕೊನೆಯ ಎರಡು ಮೂರು ತಿಂಗಳಲ್ಲಿ ಆಗುತ್ತದೆ. ಆಗ ತಾಯಿಯನ್ನು ಅರೆಹೊಟ್ಟೆಯಲ್ಲಿಟ್ಟರೆ ಹೆರಿಗೆ ಸುಲಭವಾಗುವುದಿಲ್ಲ. ತಾಯಿಗೆ ನೋವು ತಿನ್ನುವ ಕಸುವು ಇಲ್ಲದೆ ಹೆರಿಗೆ ಎಳೆಯುತ್ತದೆ, ಗಿಣ್ಣು ಹಾಲಿನ ಪ್ರಮಾಣವೂ ಸತ್ವವೂ ಕುಗ್ಗುತ್ತದೆ, ಕರು ಮೈ ಬೆಚ್ಚಗಿಟ್ಟುಕೊಳ್ಳಲು ಬೇಕಾದ ಕೊಬ್ಬಿಲ್ಲದೆ ಹುಟ್ಟುತ್ತದೆ. ವರ್ಷಕ್ಕೊಂದು ಕರು ಬೇಕಿದ್ದರೆ ಹಸು ಕರು ಹಾಕಿದ 80ರಿಂದ 85 ದಿನಗಳೊಳಗೆ ಮತ್ತೆ ಗಬ್ಬವಾಗಬೇಕು. ಸೊರಗಿದ ಹಸು ಆ ಹೊತ್ತಿಗೆ ಮೊದಲ ಬೆದೆಗೂ ಬಂದಿರುವುದಿಲ್ಲ. ನಿಮ್ಮ ಹಿಂಡಿನಲ್ಲಿ ಬೆದೆ ತಡವಾದದ್ದು ಇದೇ ಕಾರಣಕ್ಕೆ ಇರಬೇಕು. ಹಾಗೆಂದು ಅತಿಯಾಗಿ ಕೊಬ್ಬಿಸುವುದೂ ಬೇಡ. ಹೆರಿಗೆಯ ದಾರಿಯಲ್ಲಿ ಕೊಬ್ಬು ಶೇಖರವಾದರೆ ತೊಂದರೆಯೇ, ಮತ್ತು ಅದು ವ್ಯರ್ಥ ಖರ್ಚು.

ಈಗ ನೀವು ಮಾಡಬಹುದಾದದ್ದು. ಮೊದಲ ಖರ್ಚು ಮೇವಿನ ಪರೀಕ್ಷೆಗೆ ಇರಲಿ. ನಾನು ಮೇಲೆ ಕೊಟ್ಟದ್ದು ಸಾಮಾನ್ಯ ಅಂಕಿಗಳು. ನಿಮ್ಮ ಮೇವು ಕೊಯ್ದಾಗ ಎಷ್ಟು ಬಲಿತಿತ್ತು, ಮಳೆಗೆ ಸಿಕ್ಕಿತೇ ಎಂಬುದರ ಮೇಲೆ ಅವು ಬದಲಾಗುತ್ತವೆ, ಬಣ್ಣ ನೋಡಿ ಹೇಳುವುದು ಸಾಧ್ಯವಿಲ್ಲ. ಪ್ರತಿ ಕೊಯ್ಲಿನ ಹಲವು ಕಟ್ಟುಗಳ ಒಳಭಾಗದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ ಪ್ರಯೋಗಾಲಯಕ್ಕೆ ಕಳುಹಿಸಿ. ವರದಿ ಬಂದ ಮೇಲೆ ಒಳ್ಳೆಯ ಮೇವನ್ನು ಗಬ್ಬದ ಕೊನೆಗೂ ಕರು ಹಾಕಿದ ನಂತರಕ್ಕೂ ಎತ್ತಿಟ್ಟು, ಸಾಧಾರಣವಾದದ್ದನ್ನು ಚಳಿಗಾಲದ ಆರಂಭದಲ್ಲಿ ಮುಗಿಸಬಹುದು. ಅನೇಕರು ತಲೆಕೆಳಗು ಮಾಡುತ್ತಾರೆ: ಕೈಗೆ ಮೊದಲು ಸಿಗುವ ಒಳ್ಳೆಯ ಕಟ್ಟುಗಳನ್ನು ಮೊದಲೇ ಖಾಲಿ ಮಾಡಿ, ಅತಿ ಹೆಚ್ಚು ಪೋಷಣೆ ಬೇಕಾದಾಗ ಉಳಿದ ಕಳಪೆಯನ್ನು ಹಾಕುತ್ತಾರೆ.

ಪ್ರೋಟೀನ್ ಕೊರತೆ ತುಂಬಲು ಎರಡು ದಾರಿಗಳಿವೆ. ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಸಿಗುವುದಾದರೆ, ಪ್ರತಿ ಹಸುವಿನ ದಿನದ ಗೋಧಿ ಹುಲ್ಲಿನಲ್ಲಿ 3 ಕಿಲೋ ತೆಗೆದು ಅದರ ಬದಲು 3 ಕಿಲೋ ಸೊಪ್ಪು ಹಾಕಿ. ಸೊಪ್ಪಿನಲ್ಲಿ ಪ್ರೋಟೀನ್ ಶೇ 17ರ ಹತ್ತಿರ ಇರುವುದರಿಂದ ಸುಮಾರು 390 ಗ್ರಾಂ ಹೆಚ್ಚಾಗುತ್ತದೆ. ಇಲ್ಲವಾದರೆ ಎಣ್ಣೆಕಾಳಿನ ಹಿಂಡಿ ದಿನಕ್ಕೆ ಒಂದು ಕಿಲೋದಷ್ಟು ಸಾಕು. ಇವೆರಡಕ್ಕೂ ಒಂದು ಅನುಕೂಲವಿದೆ: ವಾರದ ಪಾಲನ್ನು ಎರಡು ಮೂರು ಸಲ ಹಂಚಿ ಕೊಟ್ಟರೂ ನಡೆಯುತ್ತದೆ, ಪ್ರತಿದಿನ ಕೊಡಲೇಬೇಕೆಂದಿಲ್ಲ. ಯೂರಿಯಾ ಬೆರೆಸಿದ ನೆಕ್ಕು ಗಡ್ಡೆಗಳು ಅಗ್ಗವೆಂದು ಕಂಡರೂ ನಿಮ್ಮ ಪರಿಸ್ಥಿತಿಗೆ ನಾನು ಅವನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಶಕ್ತಿ ಕಡಿಮೆಯಿರುವ ಹುಲ್ಲಿನ ಜೊತೆ ಸೂಕ್ಷ್ಮಾಣುಗಳು ಯೂರಿಯಾವನ್ನು ಚೆನ್ನಾಗಿ ಬಳಸಿಕೊಳ್ಳಲಾರವು, ಹಸಿದ ಹಸು ಒಮ್ಮೆಲೇ ಹೆಚ್ಚು ತಿಂದರೆ ವಿಷವಾಗುತ್ತದೆ.

ಧಾನ್ಯ ಸುರಿಯಿರಿ ಎಂಬ ಸಲಹೆಯಲ್ಲಿ ಅರ್ಧ ಸತ್ಯವಿದೆ. ವಾರಗಟ್ಟಲೆ ಚಳಿ ಬಿಡದಿದ್ದಾಗ ಬಾರ್ಲಿ ಅಥವಾ ಓಟ್ಸ್ ದಿನಕ್ಕೆ ಒಂದೂವರೆ ಕಿಲೋ ಕೊಟ್ಟರೆ ಶಕ್ತಿಯ ಕೊರತೆ ತುಂಬುತ್ತದೆ. ಆದರೆ ಒಂದು ರಾತ್ರಿ ಉಷ್ಣತೆ ಇಳಿಯಿತೆಂದು ಏಕಾಏಕಿ ಬುಟ್ಟಿ ತುಂಬ ಸುರಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಹಸು ಬೀಳುತ್ತದೆ. ಬಲಿಷ್ಠ ಹಸು ತನ್ನ ಪಾಲಿನ ಜೊತೆ ಬೇರೆಯದರ ಪಾಲನ್ನೂ ತಿಂದು ಸಾಯುವುದನ್ನು ನಾನು ಕಂಡಿದ್ದೇನೆ. ಧಾನ್ಯ ಹಸುವಿನ ತೂಕದ ಶೇ 0.3ರಿಂದ 0.5 ದಾಟಿದರೆ ನಾರಿನ ಜೀರ್ಣಕ್ರಿಯೆಯೂ ಕುಂದುವುದರಿಂದ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಗುತ್ತದೆ. ಧಾನ್ಯವನ್ನು ಒಂದೆರಡು ವಾರಗಳಲ್ಲಿ ನಿಧಾನವಾಗಿ ಏರಿಸಿ, ಪ್ರತಿದಿನ ಒಂದೇ ಹೊತ್ತಿಗೆ, ಎಲ್ಲ ಹಸುಗಳೂ ಒಟ್ಟಿಗೆ ನಿಲ್ಲುವಂತೆ ತಲಾ 60ರಿಂದ 75 ಸೆಂಟಿಮೀಟರ್ ಜಾಗವಿಟ್ಟು ಕೊಡಿ. ಎರಡು ಮೂರು ದಿನಗಳ ಚಳಿಗೆ ಧಾನ್ಯವನ್ನು ಮುಟ್ಟಲೇಬೇಡಿ. ಗಾಳಿ ಹಿಮದ ಮುನ್ಸೂಚನೆ ಬಂದ ಕೂಡಲೇ ಒಳ್ಳೆಯ ಒಣ ಮೇವನ್ನು ಎರಡರಿಂದ ಮೂರು ಕಿಲೋ ಹೆಚ್ಚಿಸಿ, ಏಕೆಂದರೆ ಧಾನ್ಯಕ್ಕಿಂತ ನಾರು ಹುದುಗುವಾಗಲೇ ಹೆಚ್ಚು ಶಾಖ ಹುಟ್ಟುತ್ತದೆ.

ಆ ಶಾಖ ತಿಂದ ನಾಲ್ಕರಿಂದ ಆರು ಗಂಟೆಗಳ ನಂತರ ಹೆಚ್ಚಿರುವುದರಿಂದ, ದಿನದ ಮುಖ್ಯ ಮೇವನ್ನು ಬೆಳಿಗ್ಗೆ ಹಾಕದೆ ಸಂಜೆ ಕತ್ತಲಾಗುವ ಮೊದಲು ಹಾಕಿ. ನಡುರಾತ್ರಿಯ ಕೊರೆತಕ್ಕೆ ಒಳಗಿನ ಒಲೆ ಸಿದ್ಧವಿರುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ: ಕೆನಡಾದ ಮ್ಯಾನಿಟೋಬಾದಲ್ಲಿ ಗಸ್ ಕೋನೆಫಲ್ ಎಂಬ ಸಾಕಣೆದಾರರು ಗಮನಿಸಿ ಪ್ರಚಾರಕ್ಕೆ ತಂದಂತೆ, ಗಬ್ಬದ ಕೊನೆಯ ವಾರಗಳಲ್ಲಿ ಸಂಜೆ ಅಥವಾ ರಾತ್ರಿ ಮೇವು ತಿನ್ನುವ ಹಸುಗಳಲ್ಲಿ ಹೆಚ್ಚಿನವು ಹಗಲಿನಲ್ಲೇ ಕರು ಹಾಕುತ್ತವೆ. ಹೆಪ್ಪುಗಟ್ಟುವ ರಾತ್ರಿ ಲಾಟೀನು ಹಿಡಿದು ಓಡಾಡಿದವರಿಗೆ ಇದರ ಬೆಲೆ ಗೊತ್ತು.

ಗೋಧಿ ಹುಲ್ಲನ್ನು ಪೂರ್ತಿ ಬಿಡಬೇಕಿಲ್ಲ. ಗಬ್ಬದ ನಡುವಿನ ತಿಂಗಳುಗಳಲ್ಲಿ, ಹಿಂಡಿ ಅಥವಾ ಕುದುರೆ ಮಸಾಲೆಯ ಜೊತೆಗೆ ಮೂರನೇ ಒಂದು ಭಾಗದವರೆಗೆ ಹಾಕಬಹುದು. ಉಳಿದದ್ದನ್ನು ಹಸುವಿನ ಹೊಟ್ಟೆಯೊಳಗೆ ತುಂಬುವ ಬದಲು ಹೊಟ್ಟೆಯ ಕೆಳಗೆ ಹಾಸಿ. ಹೆಪ್ಪುಗಟ್ಟಿದ ನೆಲದ ಮೇಲೆ ಮಲಗುವ ಹಸುವಿಗೂ ಒಣ ಹಾಸಿನ ಮೇಲೆ ಮಲಗುವ ಹಸುವಿಗೂ ಇರುವ ವ್ಯತ್ಯಾಸ ದೊಡ್ಡದು. ಕೆಚ್ಚಲಿನ ತೊಟ್ಟು, ಹೋರಿಯ ವೃಷಣ ಹಿಮಕ್ಕೆ ಸುಟ್ಟುಹೋಗುವುದನ್ನು ಹಾಸು ತಡೆಯುತ್ತದೆ.

ಮುಚ್ಚಿದ ಕೊಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. 32 ದೊಡ್ಡ ಹಸುಗಳ ಉಸಿರಿನ ತೇವ ಮತ್ತು ಮೂತ್ರದ ಅಮೋನಿಯಾ ಹೊರಗೆ ಹೋಗದ ಜಾಗದಲ್ಲಿ ಕೂದಲು ತೇವವಾಗುತ್ತದೆ, ಶ್ವಾಸಕೋಶದ ಸೋಂಕು ಹರಡುತ್ತದೆ, ಹೊರಗೆ ಬಿಟ್ಟ ಕೂಡಲೇ ಚಳಿ ಇಮ್ಮಡಿಯಾಗಿ ಹೊಡೆಯುತ್ತದೆ. ನಿಮಗೆ ಬೇಕಾದದ್ದು ಗಾಳಿತಡೆ. ಮೂರು ಮೀಟರ್ ಎತ್ತರದ ಹಲಗೆ ಬೇಲಿ ಅದರ ಎತ್ತರದ 8ರಿಂದ 10 ಪಟ್ಟು, ಅಂದರೆ 25ರಿಂದ 30 ಮೀಟರ್ ದೂರದವರೆಗೆ ಗಾಳಿಯನ್ನು ತಗ್ಗಿಸುತ್ತದೆ. ಹಲಗೆಗಳ ನಡುವೆ ಒಟ್ಟು ಶೇ 20ರಿಂದ 25ರಷ್ಟು ಸಂದು ಬಿಡಿ. ಸಂದಿಲ್ಲದ ಗೋಡೆಯ ಮೇಲಿಂದ ಗಾಳಿ ಸುಳಿಯಾಗಿ ಇಳಿದು ಹಿಮವನ್ನೆಲ್ಲ ಹಸುಗಳ ಮೇಲೇ ಸುರಿಯುತ್ತದೆ. ಹಸುವಿಗೆ 30 ಸೆಂಟಿಮೀಟರ್‌ನಂತೆ ನಿಮಗೆ ಸುಮಾರು 10 ಮೀಟರ್ ಉದ್ದದ ತಡೆ ಸಾಕು. ಮಳೆ ಬೆರೆತ ಹಿಮ ನಿಮ್ಮಲ್ಲಿ ಸಾಮಾನ್ಯವಾದ್ದರಿಂದ, ಹಣ ಉಳಿದರೆ ಒಂದು ಕಡೆ ತೆರೆದ, ಗಾಳಿಗೆ ಬೆನ್ನು ಮಾಡಿದ ಮಾಡು ಮಾಡಿಸಿ. ಅದರ ಮೊದಲ ಹಕ್ಕು ಎಳೆಗರುಗಳಿಗೆ ಇರಲಿ.

ಹಿಮ ನೀರಿನ ಬದಲಿಗೆ ಸಾಕಾಗುತ್ತದೆಯೇ? ಹಾಲು ಕೊಡದ, ಮೈಕಟ್ಟು ಚೆನ್ನಾಗಿರುವ ಹಸುಗಳು ಶುಚಿಯಾದ ಮೆದು ಹಿಮವನ್ನು ತಿಂದು ಬದುಕಬಲ್ಲವು, ಅಭ್ಯಾಸವಾಗಲು ಕೆಲವು ದಿನ ಬೇಕು. ಆದರೆ ಹಿಮ ಗಟ್ಟಿಯಾಗಿ ಪದರು ಕಟ್ಟಿದ ದಿನ ಅವಕ್ಕೆ ಏನೂ ಸಿಗುವುದಿಲ್ಲ. ಒಣ ಹುಲ್ಲು ಹೆಚ್ಚಿರುವ ಮೇವಿನ ಜೊತೆ ನೀರೂ ಕಡಿಮೆಯಾದರೆ ಹೊಟ್ಟೆ ಕಟ್ಟುವ ಅಪಾಯ ಬಹಳ. ಆದ್ದರಿಂದ ನಿಮ್ಮ ಹಿಂಡಿಗೆ ತೊಟ್ಟಿ ನೀರು ಬೇಕೇ ಬೇಕು. ಚಳಿಯಲ್ಲೂ ಹಸುವಿಗೆ ದಿನಕ್ಕೆ 25ರಿಂದ 35 ಲೀಟರ್, ಹಾಲು ಕೊಡುವಾಗ ಇನ್ನೂ ಹೆಚ್ಚು. ಬೆಚ್ಚಗಿನ ನೀರಾಗಬೇಕಿಲ್ಲ, ಮಂಜುಗಟ್ಟದಿದ್ದರೆ ಸಾಕು.

ಹಸುಗಳನ್ನು ಕಣ್ಣಿನಿಂದ ಅಳೆಯುವುದನ್ನು ಬಿಟ್ಟು ಕೈಯಿಂದ ಅಳೆಯಿರಿ ಎಂಬುದು ನನ್ನ ಕಳಕಳಿಯ ಕೋರಿಕೆ. ಗಬ್ಬದ ಕೊನೆಯಲ್ಲಿ ಕರು, ಚೀಲ, ನೀರು ಸೇರಿ 60 ಕಿಲೋದಷ್ಟು ಏರುವುದರಿಂದ ತೂಕವೂ ಮೋಸ ಮಾಡುತ್ತದೆ, ದಟ್ಟ ಕೂದಲಂತೂ ಎಲ್ಲವನ್ನೂ ಮುಚ್ಚುತ್ತದೆ. ಅಂಗೈಯನ್ನು ಪಕ್ಕೆಲುಬಿನ ಮೇಲೆ, ಬೆನ್ನುಮೂಳೆಯ ಮೇಲೆ, ಬಾಲದ ಬುಡದಲ್ಲಿ ಒತ್ತಿ ನೋಡಿ. ಮೈಕಟ್ಟಿಗೆ ಕೊಡುವ 1ರಿಂದ 9ರ ಅಂಕದಲ್ಲಿ (1 ಎಂದರೆ ತೀರಾ ಸೊರಗಿದ್ದು, 9 ಎಂದರೆ ಅತಿಯಾಗಿ ಕೊಬ್ಬಿದ್ದು), ಸ್ವಲ್ಪ ಒತ್ತಿದರೆ ಪಕ್ಕೆಲುಬು ಸಿಗುವಂತಿದ್ದರೆ 5. ಮುಟ್ಟಿದ ಕೂಡಲೇ ಒಂದೊಂದೂ ಬೇರೆಬೇರೆಯಾಗಿ ಸಿಕ್ಕರೆ 4 ಅಥವಾ ಅದಕ್ಕಿಂತ ಕಡಿಮೆ. ಕರು ಹಾಕುವಾಗ ಹಸು 5ರಲ್ಲಿ, ಚೊಚ್ಚಲ ಕಡಸು 6ರಲ್ಲಿ ಇರಬೇಕು. ಒಂದು ಅಂಕವೆಂದರೆ ಸುಮಾರು 40 ಕಿಲೋ ಮೈತೂಕ. ಅದನ್ನು ಚಳಿಯ ನಡುವೆ ಗಳಿಸುವುದು ದುಬಾರಿ, ಕರುಗಳನ್ನು ಸಕಾಲಕ್ಕೆ ಹಾಲು ಬಿಡಿಸಿ ಚಳಿಗೆ ಮೊದಲೇ ಗಳಿಸುವುದು ಅಗ್ಗ. ಸೊರಗಿದವು, ಮುದಿಯಾದವು ಮತ್ತು ಕಡಸುಗಳನ್ನು ಬೇರೆ ಗುಂಪು ಮಾಡಿ. ಒಟ್ಟಿಗೆ ಬಿಟ್ಟರೆ ನೀವು ಅವಕ್ಕೆಂದು ಹಾಕಿದ ಒಳ್ಳೆಯ ಮೇವು ಕೊಬ್ಬಿದವುಗಳ ಹೊಟ್ಟೆ ಸೇರುತ್ತದೆ.

ಖನಿಜ ಮಿಶ್ರಣ ಮತ್ತು ಉಪ್ಪು ಸದಾ ಇರಲಿ. ದಾಸ್ತಾನಿನಲ್ಲಿ ತಿಂಗಳುಗಟ್ಟಲೆ ಇದ್ದ ಮೇವಿನಲ್ಲಿ ಎ ಜೀವಸತ್ವ ನಶಿಸುವುದರಿಂದ ಗಬ್ಬದ ಕೊನೆಯಲ್ಲಿ ಅದನ್ನು ಪ್ರತ್ಯೇಕವಾಗಿ ಕೊಡಬೇಕು. ಬೂಷ್ಟು ಹಿಡಿದ ಮೇವಿನಿಂದ ಗರ್ಭಪಾತವಾಗಬಹುದು, ಬರ ಅಥವಾ ಮಂಜಿಗೆ ಸಿಕ್ಕ ಓಟ್ಸ್ ಮೇವಿನಲ್ಲಿ ನೈಟ್ರೇಟ್ ವಿಷವಿರಬಹುದು. ಹಸು ಮೈ ಉಜ್ಜಿಕೊಂಡು ಕೂದಲು ಕಳೆದುಕೊಳ್ಳುತ್ತಿದ್ದರೆ ಹೇನು ನೋಡಿ. ಕೂದಲು ಹೋದ ಜಾಗದಿಂದ ಶಾಖವೂ ಹೋಗುತ್ತದೆ.

ಉಳಿದದ್ದು ಆ ಮೂರು ಕರುಗಳ ಮಾತು. ತಾಯಂದಿರ ಪ್ರೋಟೀನ್ ಕೊರತೆಯೇ ಅವುಗಳ ನಿತ್ರಾಣಕ್ಕೆ ಕಾರಣವಾಗಿರುವ ಸಾಧ್ಯತೆ ಹೆಚ್ಚು, ಆದರೆ ಅದೊಂದೇ ಎಂದು ಪರೀಕ್ಷೆಯಿಲ್ಲದೆ ಹೇಳಲಾರೆ; ಸೆಲೆನಿಯಂ ಅಥವಾ ಅಯೋಡಿನ್ ಕೊರತೆ, ಗರ್ಭದಲ್ಲಿನ ಸೋಂಕು ಕೂಡ ಹೀಗೆ ಮಾಡುತ್ತವೆ. ಈ ಸಲ ಕರು ಹುಟ್ಟಿದ ಕೂಡಲೇ ಒರೆಸಿ ಒಣಗಿಸಿ, ಎರಡು ಗಂಟೆಗಳೊಳಗೆ, ತಡವೆಂದರೆ ಆರು ಗಂಟೆಗಳೊಳಗೆ ಗಿಣ್ಣು ಹಾಲು ಕುಡಿಸಿ. ಬಾಯಿಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 35 ಡಿಗ್ರಿಗಿಂತ ಕೆಳಗಿದ್ದರೆ ತಲೆಯನ್ನು ಮೇಲೆ ಹಿಡಿದು 38ರಿಂದ 40 ಡಿಗ್ರಿಯ ನೀರಿನಲ್ಲಿ ಮೈ ಬಿಸಿಯಾಗುವವರೆಗೆ ಇರಿಸಿ, ಪೂರ್ತಿ ಒಣಗಿಸಿದ ಮೇಲೆಯೇ ತಾಯಿಯ ಬಳಿ ಬಿಡಿ. ಮೇವು ಸರಿಪಡಿಸಿದ ಮೇಲೂ ಇಂಥ ಕರು ಹುಟ್ಟಿ ಉಳಿಯದಿದ್ದರೆ ಹೂಳಬೇಡಿ. ಕರುವನ್ನೂ ಬಿದ್ದ ಮಾಸನ್ನೂ ಅದೇ ದಿನ ಪಶುವೈದ್ಯರ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸಿ. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಏಕೆಂದರೆ ಗರ್ಭದ ಕೆಲವು ಸೋಂಕುಗಳು ಮನುಷ್ಯರಿಗೂ ಹರಡುತ್ತವೆ.